ನಲವತ್ತು–ಅರವತ್ತರ ಸೈಟಿನಲ್ಲಿ ನಾಯಿ, ಕೋಳಿ, ಗಿಣಿ, ಹಸು: ಯಾವುದಕ್ಕೆ ಯಾರ ಅನುಮತಿ?

ಪ್ರಶ್ನೆ: ತಾಲ್ಲೂಕು ಕೇಂದ್ರವೊಂದರ ಅಂಚಿನ ಬಡಾವಣೆಯಲ್ಲಿ ನಮ್ಮದು 40–60ರ ಸೈಟು. ಮುಂದೆ ಮನೆ, ಹಿಂದೆ ಒಂದಿಷ್ಟು ಖಾಲಿ ಜಾಗ. ಮೂರು ಕಡೆಯೂ ಮನೆಗಳಾಗಿವೆ. ಎರಡು ವರ್ಷದ ಮುಧೋಳ ನಾಯಿ ಇದೆ. ಮಕ್ಕಳಿಗಾಗಿ ಆರು ನಾಟಿ ಕೋಳಿ ಸಾಕೋಣ ಅಂದುಕೊಂಡಿದ್ದೇವೆ. ಊರಿಂದ ಬಂದು ನಮ್ಮೊಡನೆ ಇರುವ ಅಮ್ಮನಿಗೆ ಒಂದು ಹಸು ಕಟ್ಟುವ ಆಸೆ. ಹಳೆಯ ಪಂಜರದಲ್ಲಿ ಒಂದು ಗಿಣಿಯೂ ಇದೆ. ಬಡಾವಣೆಯ ನಿವಾಸಿಗಳ ಸಂಘದವರು "ಇಲ್ಲಿ ಪ್ರಾಣಿ ಸಾಕುವಂತಿಲ್ಲ" ಎಂದು ನೋಟಿಸ್ ಅಂಟಿಸಿದ್ದಾರೆ. ಪಕ್ಕದ ಮನೆಯವರು ಪುರಸಭೆಗೆ ದೂರು ಕೊಡುತ್ತೇವೆ ಅನ್ನುತ್ತಿದ್ದಾರೆ. ನಿಜವಾಗಿ ನಿಯಮ ಏನು? ಎಷ್ಟು ಪ್ರಾಣಿ, ಎಷ್ಟು ಅಂತರ, ಯಾರ ಅನುಮತಿ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ನಾಲ್ಕು ಪ್ರಾಣಿಗಳಿವೆ. ನೀವು ಹೆದರಿರುವುದು ನಾಯಿ ಮತ್ತು ಕೋಳಿಯ ಬಗ್ಗೆ. ನಿಜಕ್ಕೂ ಹೆದರಬೇಕಾದದ್ದು ನೀವು ಮಾತಿನ ಮಧ್ಯೆ ತೇಲಿಸಿಬಿಟ್ಟ ಆ ಗಿಣಿಯ ಬಗ್ಗೆ. ಲೆಕ್ಕ ಹಾಕಿ ಯೋಚಿಸಬೇಕಾದದ್ದು ಹಸುವಿನ ಬಗ್ಗೆ. ಗಿಣಿಯ ವಿಷಯ ನಾಲ್ಕು ಸಾಲಿನಲ್ಲಿ ಮುಗಿಯುತ್ತದೆ, ಅದನ್ನು ಮೊದಲು ಮುಗಿಸಿಬಿಡುತ್ತೇನೆ.

ನಮ್ಮ ಮಾವಿನ ಮರಗಳಲ್ಲಿ ಕೂರುವ, ಕೊರಳಿಗೆ ಗುಲಾಬಿ ಪಟ್ಟಿಯ ಹಸಿರು ಗಿಣಿ ಕಾನೂನಿನ ಕಣ್ಣಲ್ಲಿ ಸಾಕುಪ್ರಾಣಿಯಲ್ಲ, ವನ್ಯಜೀವಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದನ್ನು ಹಿಡಿಯುವುದು, ಮಾರುವುದು, ಪಂಜರದಲ್ಲಿಡುವುದು ಎಲ್ಲವೂ ಜೈಲು ಶಿಕ್ಷೆಗೆ ಅವಕಾಶವಿರುವ ಅಪರಾಧ. "ನಾವು ಹಿಡಿದದ್ದಲ್ಲ, ಜಾತ್ರೆಯಲ್ಲಿ ಕೊಂಡದ್ದು" ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಮುನಿಯಾ ಹಕ್ಕಿ, ನಕ್ಷತ್ರ ಆಮೆ ಇವುಗಳ ಕಥೆಯೂ ಇದೇ. ಹಾಗೆಂದು ಇವತ್ತೇ ಪಂಜರದ ಬಾಗಿಲು ತೆರೆದು ಹಾರಿಸಿಬಿಡಬೇಡಿ. ವರ್ಷಗಟ್ಟಲೆ ಪಂಜರದಲ್ಲಿದ್ದ ಹಕ್ಕಿಯ ರೆಕ್ಕೆಗೆ ಬಲವಿರುವುದಿಲ್ಲ, ಸಂಜೆಯೊಳಗೆ ಬೆಕ್ಕಿಗೋ ಹದ್ದಿಗೋ ತುತ್ತಾಗುತ್ತದೆ. ಹತ್ತಿರದ ವಲಯ ಅರಣ್ಯಾಧಿಕಾರಿ ಕಚೇರಿಗೆ ಫೋನ್ ಮಾಡಿ, ಒಪ್ಪಿಸುತ್ತೇವೆ ಎಂದು ಹೇಳಿ, ಒಪ್ಪಿಸಿದ್ದಕ್ಕೆ ಒಂದು ಚೀಟಿ ಬರೆಸಿಕೊಳ್ಳಿ. ಮಕ್ಕಳಿಗೆ ಹಕ್ಕಿಯೇ ಬೇಕೆಂದರೆ ಪಂಜರದಲ್ಲೇ ಹುಟ್ಟಿ ಬೆಳೆಯುವ ಬಜರಿಗಾರ್‌ನಂಥ ವಿದೇಶಿ ಪುಟ್ಟ ಗಿಣಿಗಳಿಗೆ ಈ ತೊಡಕಿಲ್ಲ. ಮಕಾವ್, ಆಫ್ರಿಕನ್ ಗ್ರೇ ತರಹದ ದುಬಾರಿ ಹಕ್ಕಿಗಳಿಗೆ ಮಾತ್ರ 2024ರ ನಿಯಮದಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಕಡ್ಡಾಯ. ಪಕ್ಕದ ಮನೆಯವರು ದೂರಿನಲ್ಲಿ ಒಂದು ಸಾಲು ಗಿಣಿಯ ಬಗ್ಗೆ ಸೇರಿಸಿದರೆ ನಿಮ್ಮ ಬಾಕಿ ವಾದವೆಲ್ಲ ನೀರಲ್ಲಿ ಹೋಮ. ಆದ್ದರಿಂದ ಇದು ಈ ವಾರದ ಕೆಲಸ.

ಈಗ ಮೂಲ ಪ್ರಶ್ನೆ. "ಒಂದು ಸೈಟಿಗೆ ಇಷ್ಟು ಪ್ರಾಣಿ" ಎಂದು ಇಡೀ ಕರ್ನಾಟಕಕ್ಕೆ ಅನ್ವಯಿಸುವ ಒಂದೇ ಪಟ್ಟಿ ಇಲ್ಲ. ಬಹಳ ಜನ ಅಂಥ ಪಟ್ಟಿಯನ್ನು ಹುಡುಕಿಕೊಂಡು ಕಚೇರಿಯಿಂದ ಕಚೇರಿಗೆ ಅಲೆಯುತ್ತಾರೆ. ಇರುವುದು ಪದರ ಪದರವಾದ ನಿಯಮಗಳು. ಮೇಲಿನ ಪದರದಲ್ಲಿ ಕೇಂದ್ರದ ಕಾಯ್ದೆಗಳು: ಪ್ರಾಣಿಯನ್ನು ಹಿಂಸಿಸಬೇಡ, ಕಾಡಿನದನ್ನು ತರಬೇಡ, ನಿನ್ನ ಪ್ರಾಣಿಯಿಂದ ಇನ್ನೊಬ್ಬರಿಗೆ ಅಪಾಯವಾಗದಂತೆ ನೋಡಿಕೋ. ಅದರ ಕೆಳಗೆ ಸ್ಥಳೀಯ ಸಂಸ್ಥೆ. ಬೆಂಗಳೂರು ಬಿಟ್ಟು ಬೇರೆ ಮಹಾನಗರ ಪಾಲಿಕೆಯಾದರೆ 1976ರ ಕಾಯ್ದೆ, ಪುರಸಭೆ ನಗರಸಭೆಯಾದರೆ 1964ರ ಕಾಯ್ದೆ, ಹಳ್ಳಿಯಾದರೆ 1993ರ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆ. ಅವುಗಳಡಿ ಆಯಾ ಊರು ತನ್ನ ಉಪವಿಧಿಗಳನ್ನು, ಜನರ ಬಾಯಲ್ಲಿ ಬೈಲಾಗಳನ್ನು, ಮಾಡಿಕೊಳ್ಳುತ್ತದೆ. ಮೂರನೆಯ ಪದರ ನಿಮ್ಮ ಬೀರುವಿನಲ್ಲೇ ಇದೆ, ಅದೇ ಸೈಟಿನ ಕ್ರಯಪತ್ರ. ಪ್ರಾಧಿಕಾರ ಹಂಚಿದ ಸೈಟಾದರೆ "ವಾಸದ ಉದ್ದೇಶಕ್ಕೆ ಮಾತ್ರ" ಎಂಬ ಷರತ್ತು ಅದರಲ್ಲಿರುತ್ತದೆ. ಒಮ್ಮೆ ತೆಗೆದು ಓದಿ. ಕೊಂಡ ದಿನ ಯಾರೂ ಓದಿರುವುದಿಲ್ಲ.

ಪಶುವೈದ್ಯನಾಗಿ ಹಲವು ವರ್ಷ ಇಂಥ ದೂರುಗಳ ಸ್ಥಳ ಪರಿಶೀಲನೆಗೆ ಹೋಗಿದ್ದೇನೆ. ಅದರಿಂದ ನಾನು ಕಲಿತ ಒಂದೇ ಪಾಠ ಇದು: ನಿಮ್ಮ ಕಾಂಪೌಂಡಿನ ಒಳಗೆ ಯಾವ ಪ್ರಾಣಿ ಇದೆ ಅನ್ನುವುದರ ಮೇಲೆ ದೂರು ನಿಲ್ಲುವುದು ಅಪರೂಪ, ಕಾಂಪೌಂಡ್ ದಾಟಿ ಏನು ಹೋಗುತ್ತಿದೆ ಅನ್ನುವುದರ ಮೇಲೆ ನಿಲ್ಲುತ್ತದೆ. ದಾಟುವುದು ಸದ್ದು, ವಾಸನೆ, ನೊಣ, ಕೊಳಚೆ ನೀರು, ಕೊನೆಗೆ ಪ್ರಾಣಿಯೇ. ಈ ಐದರಲ್ಲಿ ಒಂದೂ ದಾಟದಿದ್ದರೆ ಹೆಲ್ತ್ ಇನ್‌ಸ್ಪೆಕ್ಟರ್‌ಗೆ ಬರೆಯಲು ಏನೂ ಸಿಗುವುದಿಲ್ಲ. ಒಂದು ದಾಟಿದರೂ ಅನುಮತಿ ಪತ್ರ ನಿಮ್ಮನ್ನು ಕಾಯುವುದಿಲ್ಲ.

ಒಮ್ಮೆ ಹಸುವಿನ ಮೇಲೆ ನಾಲ್ಕು ಪುಟದ ದೂರು ಬಂದಿತ್ತು. ರೋಗ ಹರಡುತ್ತದೆ, ಮಕ್ಕಳಿಗೆ ಜ್ವರ, ಬಡಾವಣೆಯ ಮರ್ಯಾದೆ ಹೋಯಿತು, ಹೀಗೆಲ್ಲ. ಹೋಗಿ ನೋಡಿದರೆ ಕೊಟ್ಟಿಗೆ ಕನ್ನಡಿಯ ಹಾಗೆ ಸ್ವಚ್ಛ. ಮಾಲೀಕರು ಬೆಳಗಿನ ಜಾವವೇ ಎದ್ದು ಪೈಪು ಹಿಡಿದು ತೊಳೆಯುತ್ತಿದ್ದರು. ಆ ತೊಳೆದ ನೀರು, ಗಂಜಲ ಸಮೇತ, ಇಳಿಜಾರಿನಲ್ಲಿ ಹರಿದು ಪಕ್ಕದವರ ಸಂಪಿನ ಮುಚ್ಚಳದ ಬುಡದಲ್ಲಿ ನಿಲ್ಲುತ್ತಿತ್ತು. ನಾಲ್ಕು ಪುಟದ ಸಿಟ್ಟಿನ ಬೇರು ಆ ಒಂದು ಗೇಣು ನೀರು. ಒಂದು ಇಂಗುಗುಂಡಿ ತೋಡಿಸಿದ ಮೇಲೆ ದೂರುದಾರರೇ ಆ ಮನೆಯಿಂದ ಹಾಲು ತರಿಸಿಕೊಳ್ಳತೊಡಗಿದರು. ಅದು ಇನ್ನೊಂದು ಬಗೆಯ ಕಾನೂನು ತೊಡಕು, ಆ ಮಾತು ಆಮೇಲೆ.

ನಾಯಿಗೆ ಬರೋಣ. ನಾಯಿ ಸಾಕುವುದಕ್ಕೆ ತಡೆಯಿಲ್ಲ. ಕೆಲವು ಊರುಗಳಲ್ಲಿ ಲೈಸೆನ್ಸ್ ಅಥವಾ ನೋಂದಣಿ ಬೇಕು, ಕೆಲವು ಕಡೆ ಬೇಡ. ನಿಮ್ಮ ಪುರಸಭೆಯದು ಏನೆಂದು ಕೇಳಿಯೇ ತಿಳಿಯಬೇಕು. ಎಣಿಕೆಯ ಮಿತಿ ಹಾಕಹೊರಟಾಗ ಏನಾಗುತ್ತದೆ ಎನ್ನುವುದಕ್ಕೆ ಬೆಂಗಳೂರು ಒಳ್ಳೆಯ ಉದಾಹರಣೆ. 2018ರಲ್ಲಿ ಅಲ್ಲಿನ ಪಾಲಿಕೆ, ಫ್ಲಾಟಿಗೆ ಒಂದೇ ನಾಯಿ, ಸ್ವಂತ ಮನೆಗೆ ಹೆಚ್ಚೆಂದರೆ ಮೂರು ಎಂಬ ಉಪವಿಧಿ ತಂದಿತು. ಎರಡು ನಾಯಿ ಇದ್ದ ಫ್ಲಾಟಿನವರು ಯಾವುದನ್ನು ಬೀದಿಗೆ ಬಿಡಬೇಕು ಎಂದು ಕೇಳಿದಾಗ ಯಾರ ಬಳಿಯೂ ಉತ್ತರವಿರಲಿಲ್ಲ. ಭಾರಿ ವಿರೋಧ ಎದ್ದು ಅದನ್ನು ತಡೆಹಿಡಿಯಬೇಕಾಯಿತು. ತಳಿಯ ವಿಷಯದಲ್ಲೂ ಹೀಗೇ ಆಯಿತು. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಅಪಾಯಕಾರಿ ಎಂದು 23 ತಳಿಗಳ ಪಟ್ಟಿ ಮಾಡಿ ನಿಷೇಧಿಸಿ ಎಂದು ಸುತ್ತೋಲೆ ಕಳಿಸಿತು. ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್, ಸಂಬಂಧಪಟ್ಟವರ ಮಾತು ಕೇಳದೆ ಮಾಡಿದ್ದೆಂದು ಅದನ್ನು ರದ್ದುಪಡಿಸಿತು. ಮುಧೋಳ ನಮ್ಮ ಮಣ್ಣಿನದೇ ತಳಿ, ಅದರ ಮೇಲೆ ಅಂಥ ಕಣ್ಣಿಲ್ಲ.

ಆದರೆ ಮುಧೋಳದ ಮಾಲೀಕರಾಗಿ ನಿಮಗೊಂದು ಮಾತು. ಅದು ಓಟದ ನಾಯಿ. ಬಯಲಿನಲ್ಲಿ ಮೊಲದ ಬೆನ್ನಟ್ಟಲು ಹುಟ್ಟಿದ ಪ್ರಾಣಿಯನ್ನು ಹತ್ತಡಿ ಜಾಗದಲ್ಲಿ ಕಟ್ಟಿಹಾಕಿದರೆ ಅದು ಬೊಗಳದೆ ಇನ್ನೇನು ಮಾಡೀತು? 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಮು, ಅತಿ ಗಿಡ್ಡ ಅಥವಾ ಭಾರದ ಸರಪಳಿಯಲ್ಲಿ ವಿಪರೀತ ಹೊತ್ತು ಕಟ್ಟಿಡುವುದನ್ನು ಕ್ರೌರ್ಯ ಎನ್ನುತ್ತದೆ. ಮೊದಲ ತಪ್ಪಿಗೆ ದಂಡ ಹತ್ತರಿಂದ ಐವತ್ತು ರೂಪಾಯಿ. ಆರು ದಶಕಗಳ ಹಿಂದಿನ ಐವತ್ತು ರೂಪಾಯಿ ಇಂದಿಗೂ ಹಾಗೇ ಕೂತಿದೆ, ನಗು ಬರುತ್ತದೆ. ಆದರೂ ಅದನ್ನು ಹಗುರವಾಗಿ ಕಾಣಬೇಡಿ, ಯಾಕೆಂದರೆ ಮುಂದಿನ ಪ್ರತಿ ಜಗಳದಲ್ಲೂ ಆ ಪ್ರಕರಣ ನಿಮ್ಮ ಎದುರಿಗೆ ಬರುತ್ತದೆ. ಬೆಳಿಗ್ಗೆ ಸಂಜೆ ಚೆನ್ನಾಗಿ ಓಡಿಸಿದ ಮುಧೋಳ ಮನೆಗೆ ಬಂದು ಮಲಗುತ್ತದೆ. ಬೊಗಳುವ ದೂರಿನಲ್ಲಿ ಅರ್ಧದಷ್ಟು ಅಲ್ಲಿಗೇ ಮುಗಿಯುತ್ತದೆ.

ನಿಜವಾದ ಭಾರ ಇರುವುದು ಕಚ್ಚುವುದರಲ್ಲಿ. ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮು ಹೇಳುವುದು ಇಷ್ಟು: ನಿಮ್ಮ ವಶದಲ್ಲಿರುವ ಪ್ರಾಣಿಯಿಂದ ಮನುಷ್ಯರ ಜೀವಕ್ಕೆ ಅಪಾಯ ಅಥವಾ ತೀವ್ರ ಗಾಯ ಆಗದಂತೆ ನೋಡಿಕೊಳ್ಳಬೇಕಾದಷ್ಟು ನೋಡಿಕೊಳ್ಳದಿದ್ದರೆ ಆರು ತಿಂಗಳವರೆಗೆ ಸೆರೆ ಅಥವಾ ಐದು ಸಾವಿರದವರೆಗೆ ದಂಡ ಅಥವಾ ಎರಡೂ. ಗೇಟಿಗೆ ಚಿಲಕ, ಹೊರಗೆ ಹೋಗುವಾಗ ಹಗ್ಗ, ಮೂರು ತಿಂಗಳ ಮರಿಯಿಂದ ಹಿಡಿದು ಪ್ರತಿವರ್ಷ ರೇಬೀಸ್ ಲಸಿಕೆ, ಲಸಿಕೆಯ ಪುಸ್ತಕ ಕೈಗೆ ಸಿಗುವ ಜಾಗದಲ್ಲಿ. ನೋಟಿಸ್ ಬಂದ ದಿನ ನಿಮ್ಮ ಪರವಾಗಿ ಮಾತಾಡುವ ಮೊದಲ ಸಾಕ್ಷಿ ಆ ಪುಸ್ತಕ. ಅಪ್ಪಿತಪ್ಪಿ ಯಾರಿಗಾದರೂ ಹಲ್ಲು ತಾಗಿದರೆ ಲಸಿಕೆಯ ವಾದ ಮಾಡುತ್ತ ನಿಲ್ಲಬೇಡಿ. ಗಾಯವನ್ನು ಸೋಪು ನೀರಿನಲ್ಲಿ ಹದಿನೈದು ನಿಮಿಷ ತೊಳೆಸಿ, ನೀವೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಹೀಗೆ ಮಾಡಿದ ಮಾಲೀಕರ ಮೇಲೆ ಪೊಲೀಸ್ ದೂರು ಆದದ್ದನ್ನು ನಾನು ಕಂಡದ್ದು ಬಹಳ ಕಡಿಮೆ. ಇನ್ನೊಂದು ಕಡೆಯಿಂದಲೂ ಹೇಳಬೇಕು. ಸಿಟ್ಟಿನಲ್ಲಿ ಯಾರಾದರೂ ನಾಯಿಗೆ ವಿಷ ಹಾಕಿದರೆ ಅದೇ ಸಂಹಿತೆಯ 325ರಡಿ ಐದು ವರ್ಷದವರೆಗೆ ಸೆರೆ.

ಸಂಘದ ನೋಟಿಸಿನ ಬಗ್ಗೆ ಇಷ್ಟು ತಿಳಿದಿರಿ. ನಿವಾಸಿಗಳ ಸಂಘ ನೋಂದಾಯಿತ ಸಂಸ್ಥೆಯೇ ಇರಬಹುದು, ಶಾಸನ ಸಭೆಯಲ್ಲ. ಸಾಕುನಾಯಿಯನ್ನು ನಿಷೇಧಿಸುವ ನಿಯಮ ಮಾಡುವಂತಿಲ್ಲ, ಬೊಗಳುತ್ತದೆ ಎಂಬುದು ನಿಷೇಧಕ್ಕೆ ಕಾರಣವಾಗದು ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಮಾರ್ಗಸೂಚಿ ಕೊಟ್ಟಿದೆ. 2021ರಲ್ಲಿ ಕೇರಳ ಹೈಕೋರ್ಟ್, ನಿವಾಸಿಗಳು ಸಾಕುಪ್ರಾಣಿ ಇಟ್ಟುಕೊಳ್ಳುವುದನ್ನು ತಡೆಯುವ ಸಂಘದ ಬೈಲಾಗಳು ಊರ್ಜಿತವಲ್ಲ ಎಂದಿತು. ಕೇರಳದ ತೀರ್ಪು ನಮ್ಮ ನ್ಯಾಯಾಲಯಗಳನ್ನು ಕಟ್ಟಿಹಾಕುವುದಿಲ್ಲ, ಆದರೆ ವಾದಕ್ಕೆ ಬಲ ಕೊಡುತ್ತದೆ. ಇಲ್ಲಿ ಎರಡು ಎಚ್ಚರ. ಒಂದು, ಇದೆಲ್ಲ ನಾಯಿಯಂಥ ಮನೆಯೊಳಗಿನ ಮುದ್ದು ಪ್ರಾಣಿಗೆ ಸಿಕ್ಕ ರಕ್ಷಣೆ. ಇದನ್ನೇ ಹಿಡಿದು ಹಸುವಿಗೂ ಕೋಳಿಗೂ ಎಳೆಯಹೋದರೆ ಬಟ್ಟೆ ಹರಿಯುತ್ತದೆ. ಎರಡು, ಬಾಡಿಗೆ ಮನೆಯವರಿಗೆ ಈ ವಾದ ಅಷ್ಟು ಸಲೀಸಲ್ಲ. ಕರಾರಿನಲ್ಲಿ ಪ್ರಾಣಿ ಬೇಡ ಎಂದು ಸಹಿ ಹಾಕಿದ ಮೇಲೆ ಮಾಲೀಕರೊಡನೆ ಮಾತಾಡಿಯೇ ಬಗೆಹರಿಸಿಕೊಳ್ಳಬೇಕು. ನಿಮ್ಮದು ಸ್ವಂತ ಮನೆಯಾದ್ದರಿಂದ ಆ ಚಿಂತೆಯಿಲ್ಲ. ಸಂಘಕ್ಕೆ ಜಗಳದ ಪತ್ರ ಬರೆಯಬೇಡಿ. ಲಸಿಕೆ ಪ್ರತಿಯನ್ನು ಲಗತ್ತಿಸಿ, ಮಂಡಳಿಯ ಮಾರ್ಗಸೂಚಿ ಉಲ್ಲೇಖಿಸಿ, ನಾಯಿ ಬೀದಿಯಲ್ಲಿ ಮಾಡಿದ್ದನ್ನು ನಾವೇ ಎತ್ತುತ್ತೇವೆ ಎಂದು ಒಂದು ಸಾಲು ಸೇರಿಸಿ. ಆ ಒಂದು ಸಾಲು ಸುಪ್ರೀಂ ಕೋರ್ಟಿನ ತೀರ್ಪಿಗಿಂತ ಬೇಗ ಕೆಲಸ ಮಾಡುತ್ತದೆ.

ಆರು ಕೋಳಿ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಕೋಳಿ ಫಾರಂ ಮಾರ್ಗಸೂಚಿ ವಸತಿ ಪ್ರದೇಶದಿಂದ 500 ಮೀಟರ್ ದೂರ ಕೇಳುತ್ತದೆ. ನಿಮ್ಮ ಪಕ್ಕದವರು ಅದನ್ನು ಮೊಬೈಲಿನಲ್ಲಿ ಹುಡುಕಿ ತೋರಿಸಬಹುದು. ಅದು 5,000ಕ್ಕಿಂತ ಹೆಚ್ಚು ಹಕ್ಕಿಗಳ ಫಾರಂಗೆ, ಆರಕ್ಕಲ್ಲ. ಮೊಟ್ಟೆಗೆಂದು ಹಿತ್ತಿಲಲ್ಲಿ ಸಾಕುವ ನಾಲ್ಕಾರು ಕೋಳಿಗೆ ರಾಜ್ಯದುದ್ದಕ್ಕೂ ಅನ್ವಯಿಸುವ ಅಂತರದ ನಿಯಮವಿಲ್ಲ. ಪುರಸಭೆಯ ಉಪವಿಧಿ ಏನಾದರೂ ಹೇಳಿದ್ದರೆ ಅದೇ ಕೊನೆ ಮಾತು.

ನನ್ನ ಸಲಹೆ ಕಾನೂನಿಗಿಂತ ಬಿಗಿ. ಹೇಂಟೆಗಳನ್ನಷ್ಟೇ ಇಟ್ಟುಕೊಳ್ಳಿ, ಹುಂಜ ಬೇಡ. ಮೊಟ್ಟೆಗೆ ಹುಂಜ ಬೇಕೆಂಬುದು ಇಂದಿಗೂ ಬಹಳ ಜನರ ನಂಬಿಕೆ. ಬೇಕಾಗಿಲ್ಲ, ಅದು ಮರಿಗಷ್ಟೇ ಬೇಕು. ಹುಂಜ ಕೂಗುವುದು ನಸುಕಿನಲ್ಲಿ. 2000ದ ಶಬ್ದ ಮಾಲಿನ್ಯ ನಿಯಮದಲ್ಲಿ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ವಸತಿ ಪ್ರದೇಶದ ಮಿತಿ 45 ಡೆಸಿಬೆಲ್, ಹಗಲು 55. ಮಿತಿಯನ್ನು ಹತ್ತು ಡೆಸಿಬೆಲ್ ಮೀರಿದರೆ ಯಾರು ಬೇಕಾದರೂ ದೂರು ಕೊಡಬಹುದು. ಆ ನಿಯಮ ಬರೆದವರ ಮನಸ್ಸಿನಲ್ಲಿದ್ದದ್ದು ಧ್ವನಿವರ್ಧಕ, ಪಟಾಕಿ, ಹಾರ್ನ್. ಹುಂಜವನ್ನು ಅವರು ನೆನೆದಿರಲಾರರು. ಆದರೆ ನಿದ್ದೆಗೆಟ್ಟ ಮನುಷ್ಯ ಕೈಗೆ ಸಿಕ್ಕ ನಿಯಮ ಹಿಡಿದುಕೊಂಡು ಬರುತ್ತಾನೆ. ನಾಟಿ ಮರಿ ತಂದರೆ ಅದರಲ್ಲಿ ಅರ್ಧ ಹುಂಜವೇ ಆಗುತ್ತವೆ. ಆದ್ದರಿಂದ ಮರಿ ತರುವ ಬದಲು ಗುರುತು ಸಿಗುವಷ್ಟು ಬೆಳೆದ ಹೇಂಟೆಗಳನ್ನೇ ತನ್ನಿ.

ಗೂಡು ಪಕ್ಕದವರ ಕಿಟಕಿಯಿಂದ ಸಾಧ್ಯವಾದಷ್ಟು ದೂರ, ನೆಲದಿಂದ ಎತ್ತರ, ಕೆಳಗೆ ಭತ್ತದ ಹೊಟ್ಟು ಅಥವಾ ಒಣ ಎಲೆ. ಒಂದು ಕೋಳಿ ದಿನಕ್ಕೆ ನೂರು ಗ್ರಾಂ ಆಸುಪಾಸು ಹಿಕ್ಕೆ ಹಾಕುತ್ತದೆ. ಒಣಗಿದ್ದರೆ ವಾಸನೆಯಿಲ್ಲ, ಒದ್ದೆಯಾದರೆ ಅಮೋನಿಯಾ ಮೂಗಿಗೆ ಹೊಡೆಯುತ್ತದೆ. ಕಾಳನ್ನು ರಾತ್ರಿ ಹೊರಗೆ ಬಿಡಬೇಡಿ. "ನಿಮ್ಮ ಕೋಳಿಯಿಂದ ಹಾವು ಬರುತ್ತದೆ" ಎಂದು ನೆರೆಯವರು ಹೇಳಿದರೆ ನಗಬೇಡಿ. ಚೆಲ್ಲಿದ ಕಾಳಿಗೆ ಇಲಿ, ಇಲಿಗೆ ಕೇರೆ, ನಾಗರ. ಅವರ ಮಾತಿನಲ್ಲಿ ಲೆಕ್ಕ ಸರಿಯಿದೆ. ಇನ್ನೊಂದು ವಿಷಯ ಮನಸ್ಸಿನಲ್ಲಿರಲಿ. ಹಕ್ಕಿಜ್ವರ ಕಾಣಿಸಿಕೊಂಡ ಜಾಗದಿಂದ ಸುತ್ತಲೂ ಒಂದು ಕಿಲೋಮೀಟರ್‌ವರೆಗಿನ ಪ್ರದೇಶವನ್ನು ಸೋಂಕಿತ ವಲಯ ಎಂದು ಘೋಷಿಸಿ ಅದರೊಳಗಿನ ಸಾಕು ಹಕ್ಕಿಗಳನ್ನೆಲ್ಲ ಕೊಲ್ಲುವ ಕ್ರಮವಿದೆ. ಪರಿಹಾರ ಕೊಡುತ್ತಾರೆ. ಆದರೆ ಹೆಸರಿಟ್ಟು ಸಾಕಿದ ಆರು ಕೋಳಿಯನ್ನು ಮಕ್ಕಳ ಮುಂದೆ ಚೀಲಕ್ಕೆ ತುಂಬುವಾಗ ಪರಿಹಾರದ ಮಾತು ಕೇಳಿಸುವುದಿಲ್ಲ. ಒಟ್ಟಿಗೆ ಹಲವು ಕೋಳಿ ಸತ್ತರೆ ಗುಂಡಿ ತೋಡಿ ಮುಚ್ಚಿಬಿಡಬೇಡಿ. 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆ ಕಾಯ್ದೆಯಂತೆ ಅನುಸೂಚಿತ ರೋಗದ ಅನುಮಾನ ಬಂದರೆ ತಿಳಿಸುವುದು ಮಾಲೀಕರ ಕರ್ತವ್ಯ. ಪಶು ಆಸ್ಪತ್ರೆಗೆ ಹೇಳಿ.

ಹಸುವಿನ ವಿಷಯಕ್ಕೆ ಹೆಚ್ಚು ಹೊತ್ತು ಬೇಕು.

ಎಲ್ಲರೂ ಮೊದಲು ಕೇಳುವುದು ಜಾಗ ಸಾಲುತ್ತದೆಯೇ ಎಂದು. ಸಾಲುತ್ತದೆ. ಒಂದು ಹಸುವಿಗೆ ಸೂರಿನಡಿ ಮೂರೂವರೆ ಚದರ ಮೀಟರ್, ಬಯಲಿನಲ್ಲಿ ಏಳು, ಒಟ್ಟು ಹತ್ತೂವರೆ ಚದರ ಮೀಟರ್ ಎಂಬುದು ರೂಢಿಯ ಅಳತೆ. ಚದರಡಿಯಲ್ಲಿ 113. ನಿಮ್ಮ 2,400 ಚದರಡಿ ಸೈಟಿನಲ್ಲಿ ಅಷ್ಟು ಜಾಗ ಹಿತ್ತಿಲಲ್ಲೇ ಸಿಕ್ಕೀತು. ಸೋಲುವುದು ಸಗಣಿಯಲ್ಲಿ. 400 ಕೆಜಿ ತೂಕದ ಹಸು ದಿನಕ್ಕೆ 15ರಿಂದ 20 ಕೆಜಿ ಸಗಣಿ, ಅಷ್ಟೇ ಲೀಟರ್ ಗಂಜಲ ಹಾಕುತ್ತದೆ. ವರ್ಷಕ್ಕೆ ಐದೂವರೆಯಿಂದ ಏಳು ಟನ್ ಸಗಣಿ. ಊರಲ್ಲಿ ನಿಮ್ಮ ಅಮ್ಮ ಹಸು ಸಾಕಿದಾಗ ಅದು ತಿಪ್ಪೆಗೆ ಹೋಗುತ್ತಿತ್ತು, ತಿಪ್ಪೆಯಿಂದ ಹೊಲಕ್ಕೆ. ಹೊಲವೇ ಇಲ್ಲದ ಬಡಾವಣೆಯಲ್ಲಿ ಅದು ಎಲ್ಲಿಗೆ ಹೋಗುತ್ತದೆ? ಈ ಪ್ರಶ್ನೆಗೆ ನಿಮ್ಮ ಬಳಿ ದಿನನಿತ್ಯದ ಉತ್ತರವಿದ್ದರೆ ಹಸುವಿನ ಬಗ್ಗೆ ಮುಂದೆ ಯೋಚಿಸಿ. ಚರಂಡಿಗೆ ಎನ್ನುವುದು ಉತ್ತರವಲ್ಲ. ಸಗಣಿ ಚರಂಡಿಯಲ್ಲಿ ಕಟ್ಟಿಕೊಂಡು ಮಳೆಗಾಲದಲ್ಲಿ ಇಡೀ ಬೀದಿಗೆ ವಾಪಸು ಬರುತ್ತದೆ, ಪುರಸಭೆ ದಂಡ ಹಾಕಲು ಅದಕ್ಕಿಂತ ಸುಲಭದ ಸಾಕ್ಷಿ ಬೇಡ.

ಗೋಬರ್ ಗ್ಯಾಸ್ ಮಾಡಿಬಿಡುತ್ತೇನೆ ಎನ್ನುವವರು ಈ ಲೆಕ್ಕ ನೋಡಿ. ಒಂದು ಕೆಜಿ ಹಸಿ ಸಗಣಿಯಿಂದ ಹೆಚ್ಚುಕಡಿಮೆ 40 ಲೀಟರ್ ಅನಿಲ. ದಿನಕ್ಕೆ ಒಂದು ಘನ ಮೀಟರ್ ಕೊಡುವ ಪುಟ್ಟ ಸ್ಥಾವರಕ್ಕೂ 25 ಕೆಜಿ ಸಗಣಿ ಬೇಕು. ಒಂದೇ ಹಸುವಿನಿಂದ ಅದು ತುಂಬುವುದಿಲ್ಲ. ತುಂಬಿದರೂ ಹೊರಬರುವ ಬಗ್ಗಡವನ್ನು ಮತ್ತೆ ಎಲ್ಲಾದರೂ ಸಾಗಿಸಲೇಬೇಕು. ಎರೆಗೊಬ್ಬರದ ತೊಟ್ಟಿ ಸ್ವಲ್ಪ ಮಟ್ಟಿಗೆ ಆಗುತ್ತದೆ. ಎಲ್ಲಕ್ಕಿಂತ ಸರಳವಾದದ್ದು ಹತ್ತಿರದ ತೋಟದವರೊಬ್ಬರು ದಿನ ಬಿಟ್ಟು ದಿನ ಬಂದು ಒಯ್ಯುವಂತೆ ಮಾತಾಡಿಕೊಳ್ಳುವುದು. ದಿನ ಬಿಟ್ಟು ದಿನ ಅಂದದ್ದಕ್ಕೆ ಕಾರಣವಿದೆ. ಬಿಸಿಲುಗಾಲದಲ್ಲಿ ನೊಣ ಮೊಟ್ಟೆಯಿಂದ ರೆಕ್ಕೆ ಬಲಿಯುವವರೆಗೆ ತೆಗೆದುಕೊಳ್ಳುವುದು ಏಳರಿಂದ ಹತ್ತು ದಿನ. ವಾರಕ್ಕೆ ಎರಡು ಸಲವಾದರೂ ಸಗಣಿ ಆ ಜಾಗದಿಂದ ತೊಲಗಿದರೆ ನಿಮ್ಮ ಕೊಟ್ಟಿಗೆಯಲ್ಲಿ ನೊಣ ಹುಟ್ಟುವುದೇ ಇಲ್ಲ. ಹದಿನೈದು ದಿನಕ್ಕೊಮ್ಮೆ ಟ್ರ್ಯಾಕ್ಟರ್ ತರಿಸುವವರ ಮನೆಯಲ್ಲಿ ಎಷ್ಟೇ ಫಿನಾಯಿಲ್ ಹಾಕಿದರೂ ನೊಣ ಹೋಗುವುದಿಲ್ಲ.

ಅನುಮತಿಯ ಕಡೆಗೆ. ದೆಹಲಿಯ ಡೇರಿಗಳ ಕುರಿತ ಪ್ರಕರಣವೊಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋದ ಮೇಲೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರಲ್ಲಿ ಡೇರಿ ಮತ್ತು ಗೋಶಾಲೆಗಳಿಗೆ ಮಾರ್ಗಸೂಚಿ ತಂದಿತು. ವಾಸದ ಮನೆಗಳಿಂದ 200 ಮೀಟರ್, ಶಾಲೆ ಆಸ್ಪತ್ರೆಗಳಿಂದ 500 ಮೀಟರ್ ದೂರವಿರಬೇಕು ಎಂದು ಅದು ಹೇಳುತ್ತದೆ. ಮನೆ ಬಳಕೆಗೆ ಕಟ್ಟಿದ ಒಂದು ಹಸು ಡೇರಿಯಲ್ಲ ಎಂದು ನೀವು ವಾದಿಸಬಹುದು, ಆ ವಾದ ನಿಲ್ಲುತ್ತದೆ ಕೂಡ. ಆದರೆ ಮಿಕ್ಕಿದ ಎರಡು ಲೀಟರ್ ಹಾಲನ್ನು ಅಕ್ಕಪಕ್ಕ ಮಾರತೊಡಗಿದ ದಿನ ಅದು ಸಡಿಲವಾಗುತ್ತದೆ. ಆಮೇಲೆ ಹಸು ಎರಡಾಗುತ್ತದೆ, ಕರು ಬೆಳೆಯುತ್ತದೆ. ಯಾರೂ ಡೇರಿ ಶುರುಮಾಡಬೇಕೆಂದು ಶುರುಮಾಡುವುದಿಲ್ಲ. ಕರ್ನಾಟಕ ಭೂ ಸುಧಾರಣಾ ಕಾಯ್ದೆ 1961ರಲ್ಲಿ ಹೈನುಗಾರಿಕೆ, ಕೋಳಿ ಸಾಕಣೆ, ಜಾನುವಾರು ತಳಿ ಬೆಳೆಸುವುದು ಎಲ್ಲವೂ ಕೃಷಿಯ ವ್ಯಾಖ್ಯೆಯೊಳಗೇ ಇವೆ. ಕೃಷಿ ಜಮೀನಿನಲ್ಲಿ ಅವಕ್ಕೆ ನೆಲೆಯಿದೆ. ಅದೇ ಜಮೀನು ವಾಸಕ್ಕೆಂದು ಪರಿವರ್ತನೆಯಾಗಿ ಬಡಾವಣೆಯಾದ ಮೇಲೆ ಉದ್ದೇಶ ಬದಲಾಯಿತು. ನಿಮ್ಮ ಅಮ್ಮನಿಗೆ ಇದು ವಿಚಿತ್ರವಾಗಿ ಕಾಣುತ್ತದೆ. ಅವರ ಊರಿನ ಗ್ರಾಮಠಾಣದಲ್ಲಿ ಮನೆಯೊಳಗೇ ಕೊಟ್ಟಿಗೆ ಇತ್ತು, ಯಾರೂ ಕೇಳಲಿಲ್ಲ. ಅಲ್ಲಿ ಎಲ್ಲರ ಮನೆಯಲ್ಲೂ ಇದ್ದದ್ದರಿಂದ ಯಾರಿಗೂ ವಾಸನೆ ಬರುತ್ತಿರಲಿಲ್ಲ, ಅಷ್ಟೇ.

ಹಸುವನ್ನು ಮೇಯಲು ಬೀದಿಗೆ ಬಿಡುವ ಯೋಚನೆ ಮಾತ್ರ ಬೇಡ. ಬೀಡಾಡಿ ದನವನ್ನು ಹಿಡಿದು ದೊಡ್ಡಿಗೆ ಹಾಕುವ, ಉತ್ತರ ಕರ್ನಾಟಕದವರ ಮಾತಿನಲ್ಲಿ ಕೊಂಡವಾಡಕ್ಕೆ ಹಾಕುವ ಪದ್ಧತಿ ಬ್ರಿಟಿಷರ 1871ರ ಕಾಯ್ದೆಯಷ್ಟು ಹಳೆಯದು. ಬಿಡಿಸಿಕೊಳ್ಳಲು ದಂಡದ ಜೊತೆಗೆ ಅದು ಅಲ್ಲಿ ತಿಂದ ಮೇವಿನ ಖರ್ಚನ್ನೂ ತೆರಬೇಕು. ರಸ್ತೆಯಲ್ಲಿ ಬೈಕಿಗೆ ಅಡ್ಡ ಬಂದು ಯಾರಾದರೂ ಬಿದ್ದರೆ ನಾಯಿಗೆ ಹೇಳಿದ 291ನೇ ಕಲಮು ಹಸುವಿಗೂ ಅನ್ವಯಿಸುತ್ತದೆ. ಹಸು ತಂದದ್ದೇ ಆದರೆ ಕಿವಿಗೆ ಹನ್ನೆರಡು ಅಂಕಿಯ ಓಲೆ ಹಾಕಿಸಿ, ಕಾಲುಬಾಯಿ ರೋಗದ ಲಸಿಕೆಯನ್ನು ವರ್ಷಕ್ಕೆರಡು ಬಾರಿ ತಪ್ಪದೆ ಹಾಕಿಸಿ.

ನನ್ನನ್ನು ಕೇಳಿದರೆ, ಮೂರು ಕಡೆ ಮನೆಯಿರುವ 40–60ರ ಸೈಟಿನಲ್ಲಿ ಹಸು ಕಟ್ಟಬೇಡಿ ಎನ್ನುತ್ತೇನೆ. ಕಾನೂನು ನಿಮ್ಮನ್ನು ಹಿಡಿದೇ ಹಿಡಿಯುತ್ತದೆ ಎಂದಲ್ಲ. ಮೂರು ವಾರಕ್ಕೊಮ್ಮೆ ಬೆದೆಗೆ ಬಂದ ಹಸು ರಾತ್ರಿಯಿಡೀ ಕೂಗುತ್ತದೆ. ಒಂಟಿ ಹಸುವಿಗೆ ಜೊತೆಯಿಲ್ಲದೆ ಬೇಸರ. ಹಸಿಮೇವು ಎಲ್ಲಿಂದ ತರುತ್ತೀರಿ ಎಂಬುದನ್ನು ನೀವು ಬರೆದಿಲ್ಲ, ಯೋಚಿಸಿಯೂ ಇರಲಾರಿರಿ. ಹಂದಿಯ ಬಗ್ಗೆ ನೀವು ಕೇಳಿಲ್ಲ, ಆದರೆ ಬಹಳ ಮಂದಿ ಕೇಳುವುದರಿಂದ ಒಂದೇ ಮಾತು: ಮಿದುಳು ಜ್ವರದ ವೈರಾಣು ಹಂದಿಯ ಮೈಯಲ್ಲಿ ವೃದ್ಧಿಯಾಗಿ ಸೊಳ್ಳೆಯ ಮೂಲಕ ಮಕ್ಕಳಿಗೆ ಬರುತ್ತದೆ, ಮನೆಗಳ ನಡುವೆ ಅದು ಖಂಡಿತ ಕೂಡದು.

ಪಕ್ಕದವರು ದೂರು ಕೊಡುತ್ತೇವೆ ಅನ್ನುತ್ತಿದ್ದಾರೆ ಎಂದಿರಿ. ಕೊಟ್ಟರೆ ಏನಾಗುತ್ತದೆ? ಮೊದಲು ಆರೋಗ್ಯ ನಿರೀಕ್ಷಕರು ಬಂದು ನೋಡಿ ವರದಿ ಬರೆಯುತ್ತಾರೆ, ನಂತರ ನೋಟಿಸ್, ಸರಿಪಡಿಸಲು ಕಾಲಾವಕಾಶ. ಅಷ್ಟರಲ್ಲಿ ಸರಿಹೋಗದಿದ್ದರೆ ಉಪವಿಭಾಗಾಧಿಕಾರಿಯವರು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮಿನಡಿ ಸಾರ್ವಜನಿಕ ಉಪದ್ರವವನ್ನು ತೆರವುಗೊಳಿಸಲು ಷರತ್ತಿನ ಆದೇಶ ಕೊಡಬಹುದು, ಹಾಜರಾಗಿ ಕಾರಣ ಹೇಳುವ ಅವಕಾಶ ನಿಮಗಿರುತ್ತದೆ. ಸಾರ್ವಜನಿಕ ಉಪದ್ರವಕ್ಕೆ ನ್ಯಾಯ ಸಂಹಿತೆಯ 292ರಲ್ಲಿ ಒಂದು ಸಾವಿರದವರೆಗೆ ದಂಡವೂ ಇದೆ. ಈ ದಾರಿಯಲ್ಲಿ ಪುರಸಭೆ, ಪಶುಸಂಗೋಪನೆ, ಪೊಲೀಸು, ಕಂದಾಯ ಎಲ್ಲ ಸೇರಿಕೊಂಡರೆ ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಎಂಬಂತಾಗುತ್ತದೆ. ಮೊದಲ ನೋಟಿಸಿಗೇ ಫೋಟೊ ಸಮೇತ ಉತ್ತರ ಕೊಟ್ಟು ಮುಗಿಸಿಕೊಳ್ಳುವುದು ಜಾಣತನ.

ಅದಕ್ಕೂ ಮುಂಚೆ ನೀವೇ ಮೊದಲು ಹೋಗಿ ಕೇಳಿ. ನಿಮ್ಮ ಬಡಾವಣೆ ಊರ ಅಂಚಿನಲ್ಲಿದೆ ಎಂದಿರಿ, ಹಾಗಾಗಿ ಅದು ಪುರಸಭೆಗೆ ಸೇರಿದೆಯೋ ಪಂಚಾಯಿತಿಯಲ್ಲೇ ಇದೆಯೋ ಎಂದು ಕಂದಾಯ ರಸೀದಿ ನೋಡಿ ಖಚಿತಪಡಿಸಿಕೊಳ್ಳಿ. ಎಷ್ಟೋ ಜನ ತಪ್ಪು ಕಚೇರಿಯಿಂದ ತಂದ ಅನುಮತಿಯನ್ನು ಹಿಡಿದು ಜಗಳಾಡುತ್ತಿರುತ್ತಾರೆ. ಪುರಸಭೆಯಾದರೆ ಮುಖ್ಯಾಧಿಕಾರಿಗೆ, ಪಂಚಾಯಿತಿಯಾದರೆ ಪಿಡಿಒಗೆ ಒಂದು ಪುಟದ ಅರ್ಜಿ. "ಅನುಮತಿ ಕೊಡಿ" ಎಂದು ಬರೆಯಬೇಡಿ, ಬೇಡವಾದ ಕಡೆಯೂ ಅನುಮತಿ ಬೇಕೆಂದು ನೀವೇ ಒಪ್ಪಿಕೊಂಡ ಹಾಗಾಗುತ್ತದೆ. "ಒಂದು ನಾಯಿ ಮತ್ತು ಆರು ಕೋಳಿಯನ್ನು ಸ್ವಂತ ಬಳಕೆಗೆ ಸಾಕಲು ತಮ್ಮ ಸಂಸ್ಥೆಯ ಯಾವುದಾದರೂ ಉಪವಿಧಿ ಅನ್ವಯಿಸುತ್ತದೆಯೇ, ಅನ್ವಯಿಸಿದರೆ ಅದರ ಪ್ರತಿಯೊಂದಿಗೆ ಹಿಂಬರಹ ನೀಡಿ" ಎಂದು ಬರೆಯಿರಿ. ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಮುದ್ರೆ, ದಿನಾಂಕ ಹಾಕಿಸಿಕೊಳ್ಳಿ. ಕೌಂಟರಿನಲ್ಲಿ ಬಾಯಿಮಾತಿಗೆ "ಏನೂ ಬೇಡ, ಸಾಕ್ಕೊಳ್ಳಿ" ಎಂದವರು ಆರು ತಿಂಗಳಲ್ಲಿ ವರ್ಗವಾಗಿ ಹೋಗಿರುತ್ತಾರೆ. ಹಿಂಬರಹ ಬರದಿದ್ದರೆ ಅದೇ ಪ್ರಶ್ನೆಯನ್ನು ಹತ್ತು ರೂಪಾಯಿ ಶುಲ್ಕದೊಡನೆ ಮಾಹಿತಿ ಹಕ್ಕಿನಲ್ಲಿ ಹಾಕಿ, 30 ದಿನದೊಳಗೆ ಉತ್ತರಿಸಬೇಕು. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದ ಮೀರದಂತಿರಬೇಕು, ಹಾಗಾಗಿ ಸಂಘದವರ ಮೇಲಿನ ಸಿಟ್ಟನ್ನು ಅದರಲ್ಲಿ ತುಂಬಬೇಡಿ. ಗಿಣಿಯನ್ನು ಒಪ್ಪಿಸಿದ ಚೀಟಿ ಕೈಗೆ ಬಂದ ಮೇಲೆಯೇ ಈ ಅರ್ಜಿ ಹಾಕಿ. ಅರ್ಜಿ ನೋಡಿ ಪರಿಶೀಲನೆಗೆ ಬರುವವರು ಕೋಳಿಗೂಡಿನ ಜಾಗವನ್ನಷ್ಟೇ ನೋಡಿ ಹೋಗುವುದಿಲ್ಲ, ಜಗಲಿಯ ಮೇಲೆ ತೂಗುವ ಪಂಜರವೂ ಅವರ ಕಣ್ಣಿಗೆ ಬೀಳುತ್ತದೆ.